ಗುಂಯ್ ಎನ್ನುತ್ತಿರುವುದು ಯಾವುದು?

ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆ ಕಡೆ ಹಳೆಯ ಜೀಪು ಇಟ್ಟುಕೊಂಡವರಿಗೆಲ್ಲ ಈ ತಕರಾರು ಗೊತ್ತು. ಗಾಡಿಯ ವೇಗ ಮೂವತ್ತು ದಾಟಿದ್ದೇ ತಡ, ಅಡಿಯಿಂದ ಗುಂಯ್ ಎಂಬ ದನಿ ಏಳುತ್ತದೆ. ಓಡಿಸುವವರಿಗೆ ಅದು ಹಿಂದಿನಿಂದ ಬಂದ ಹಾಗೆ ಕೇಳಿಸುತ್ತದೆ. ಪಕ್ಕದಲ್ಲಿ ಕೂತವರು ಮುಂದಿನ ಎಡಚಕ್ರದ್ದೇ ಎಂದು ಆಣೆ ಹಾಕುತ್ತಾರೆ. ಹಿಂದೆ ಗೊಬ್ಬರದ ಮೂಟೆಯ ಮೇಲೆ ಕೂತವರನ್ನು ಕೇಳಿದರೆ ಶಬ್ದ ತಮ್ಮ ಕಾಲಬುಡದಲ್ಲೇ ಇದೆ ಅನ್ನುತ್ತಾರೆ. ಮೂವರೂ ಸುಳ್ಳು ಹೇಳುತ್ತಿಲ್ಲ.

ವರ್ಕ್‌ಶಾಪಿಗೆ ಹೋದ ಮೇಲೆ ನಡೆಯುವುದೂ ಹೆಚ್ಚುಕಡಿಮೆ ಒಂದೇ. "ಹಿಂದಿನ ಬೇರಿಂಗ್ ಹೋಗಿದೆ ಸಾರ್" ಎಂದು ಮೆಕ್ಯಾನಿಕ್ ಹೇಳುತ್ತಾನೆ. ಬೇರಿಂಗ್ ಬದಲಾಗುತ್ತದೆ, ಶಬ್ದ ಹಾಗೇ ಉಳಿಯುತ್ತದೆ. ಆಮೇಲೆ ಸಂಶಯ ಆಕ್ಸಲ್ ನಡುವಿನ ಗೇರುಗಳ ಡಿಫರೆನ್ಶಿಯಲ್ ಕಡೆ ತಿರುಗಿ, ಅದರ ಹೊರಕವಚವಾದ ಹೌಸಿಂಗ್ ಬಿಚ್ಚಿ ಒಳಗಿನ ಹಲ್ಲುಗಾಲಿಗಳ ಜೋಡಿಯಾದ ಕ್ರೌನ್–ಪಿನಿಯನ್ ಹೊಸದು ಹಾಕಿಸಿದ್ದೂ ಆಗುತ್ತದೆ. ಶಬ್ದ ಇನ್ನೂ ಇದೆ. ಕೊನೆಗೆ ಯಾವಾಗಲೋ ಸವೆದುಹೋದವೆಂದು ಟೈರು ಬದಲಿಸಿದ ದಿನ ಗಾಡಿ ತಟ್ಟನೆ ಸುಮ್ಮನಾಗುತ್ತದೆ. ಒಂದೊಂದೇ ಭಾಗ ಬದಲಿಸುತ್ತ ಹೋಗುವ ಈ ಚಿಕಿತ್ಸೆಯಲ್ಲಿ ರೋಗ ಗೊತ್ತಾಗುವುದು ದುಡ್ಡೆಲ್ಲ ಮುಗಿದ ಮೇಲೆ.

ಗಾಡಿಯ ಅಡಿಯಲ್ಲಿ ತಿರುಗುವ ಭಾಗಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಕೂಗುತ್ತಿರುವುದು ಯಾವುದೆಂದು ಪತ್ತೆಹಚ್ಚುವುದು ಇಷ್ಟು ಕಷ್ಟವಾಗುವುದಾದರೂ ಏಕೆ?

ಕಿವಿ ಸೋಲುವ ಜಾಗ

ಶಬ್ದದ ದಿಕ್ಕನ್ನು ನಾವು ಗುರುತಿಸುವುದು ಎರಡು ಕಿವಿಗಳ ನಡುವಿನ ವ್ಯತ್ಯಾಸದಿಂದ. ಬಲಗಡೆಯ ಶಬ್ದ ಬಲಗಿವಿಗೆ ತುಸು ಮೊದಲು ತಲುಪುತ್ತದೆ, ತುಸು ಜೋರಾಗಿಯೂ ಕೇಳುತ್ತದೆ. ದಪ್ಪ ದನಿಗಳಿಗೆ ಕಾಲದ ವ್ಯತ್ಯಾಸ, ಕೀಚಲು ದನಿಗಳಿಗೆ ಜೋರಿನ ವ್ಯತ್ಯಾಸ ಎಂದು ಈ ಎರಡನ್ನೂ ಸೇರಿಸಿ ವಿವರಿಸಿದವನು ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲೆ, 1907ರಲ್ಲಿ. ತಲೆಯ ಅಗಲ ಅಷ್ಟಕ್ಕಷ್ಟೇ ಆದ್ದರಿಂದ ಕಾಲದ ವ್ಯತ್ಯಾಸ ಎಷ್ಟೇ ಹೆಚ್ಚೆಂದರೂ ಸೆಕೆಂಡಿನ ಸಾವಿರದ ಒಂದು ಪಾಲನ್ನು ಮುಟ್ಟುವುದಿಲ್ಲ. ಅಷ್ಟು ಸೂಕ್ಷ್ಮವನ್ನೂ ಹಿಡಿಯುವ ಕಿವಿ ಜೀಪಿನೊಳಗೆ ಮಾತ್ರ ಕೈಕೊಡುತ್ತದೆ.

ಇದಕ್ಕೆ ಕಾರಣ ಉಕ್ಕು. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋದರೆ ಉಕ್ಕಿನಲ್ಲಿ ಸುಮಾರು 5000 ಮೀಟರ್ ಹೋಗುತ್ತದೆ. ಹಿಂದಿನ ಹೌಸಿಂಗಿನಲ್ಲಿ ಹುಟ್ಟಿದ ನಡುಕ ಪಟ್ಟಿಸ್ಪ್ರಿಂಗ್ ಹತ್ತಿ, ಚಾಸಿಗೆ ದಾಟಿ, ಕಣ್ಣು ಮಿಟುಕಿಸುವುದರೊಳಗೆ ಗಾಡಿಯ ಉದ್ದಗಲಕ್ಕೂ ಹರಡಿಬಿಡುತ್ತದೆ. ಆಮೇಲೆ ಎಲ್ಲೆಲ್ಲಿ ಅಗಲವಾದ ತಗಡು ಇದೆಯೋ ಅಲ್ಲಲ್ಲಿ, ಕಾಲಡಿಯ ನೆಲದಲ್ಲಿ, ಮಡ್‌ಗಾರ್ಡಿನಲ್ಲಿ, ಬಾನೆಟ್ಟಿನಲ್ಲಿ, ಅದು ಗಾಳಿಗಿಳಿಯುತ್ತದೆ. ನಮ್ಮ ಕಿವಿಗೆ ಬೀಳುವುದು ಈ ತಗಡಿನ ದನಿ. ಯಾರ ಕಾಲಡಿಯ ತಗಡು ಹೆಚ್ಚು ನಡುಗುತ್ತದೋ ಅವರಿಗೆ ಶಬ್ದ ಅಲ್ಲಿಂದಲೇ ಬಂದ ಹಾಗೆ ಅನ್ನಿಸುತ್ತದೆ. ಡಿಫರೆನ್ಶಿಯಲ್‌ನ ಗುಂಯ್ ಸರಿಯಾಗಿ ಐವತ್ತೈದಕ್ಕೆ ಎದ್ದು ಅರವತ್ತೈದಕ್ಕೆ ಮಾಯವಾಗುವುದಕ್ಕೂ ಇದೇ ಕಾರಣ. ಆ ವೇಗದ ಕಂಪನಕ್ಕೆ ಯಾವುದೋ ಒಂದು ತಗಡಿನ ಸ್ವಂತ ಕಂಪನ ಹೊಂದಿಕೊಂಡಿರುತ್ತದೆ. ವೇಗ ಹೆಚ್ಚಿದಾಗ ರೋಗ ವಾಸಿಯಾದದ್ದೇನೂ ಅಲ್ಲ.

ಹಾಗಾಗಿ "ಎಲ್ಲಿಂದ ಬರುತ್ತಿದೆ?" ಎಂದು ಕಿವಿಯನ್ನು ಕೇಳಿ ಫಲವಿಲ್ಲ. ಕೇಳಬೇಕಾದ್ದು "ಯಾವಾಗ ಹೆಚ್ಚುತ್ತದೆ?" ಎಂದು. ಬಾವಿಯ ರಾಟೆ ಖಾಲಿ ಕೊಡ ಇಳಿಯುವಾಗ ಸುಮ್ಮನಿದ್ದು, ತುಂಬಿದ ಕೊಡ ಏರುವಾಗ ಕಿರುಗುಟ್ಟುತ್ತದಲ್ಲ, ತಿರುಗುವ ಭಾಗಗಳೆಲ್ಲದರ ಸ್ವಭಾವ ಅದೇ. ಸವೆದ ಭಾಗ ಭಾರ ಬಿದ್ದಾಗ ಕೂಗುತ್ತದೆ, ಭಾರ ತೆಗೆದರೆ ತಣ್ಣಗಾಗುತ್ತದೆ. ಗಾಡಿ ಓಡಿಸುತ್ತಲೇ ಒಂದೊಂದು ಭಾಗದ ಮೇಲಿನ ಭಾರವನ್ನು ಬೇಕೆಂದಾಗ ಹೊರಿಸಿ, ಬೇಡವೆಂದಾಗ ಇಳಿಸಲು ಬರುತ್ತದೆ. ಶಬ್ದ ಹಿಡಿಯುವ ವಿದ್ಯೆಯ ಸಾರವೆಲ್ಲ ಇರುವುದು ಇಲ್ಲೇ.

ಒಂದೇ ಚಕ್ರದ ಹಲವು ದನಿ

ಮೊದಲು ಸ್ವಲ್ಪ ಲೆಕ್ಕ. ವಿಲ್ಲಿಸ್ ಮೂಲದ ಹಳೆಯ ಜೀಪನ್ನೇ ತೆಗೆದುಕೊಳ್ಳೋಣ. ಎರಡನೇ ಮಹಾಯುದ್ಧಕ್ಕೆಂದು ಅಮೆರಿಕದಲ್ಲಿ ಹುಟ್ಟಿದ ಈ ಗಾಡಿಯನ್ನು ಸ್ವಾತಂತ್ರ್ಯ ಬಂದ ಹೊಸತರಲ್ಲೇ ಮಹೀಂದ್ರ ಕಂಪನಿ ನಮ್ಮಲ್ಲಿ ಜೋಡಿಸತೊಡಗಿತು. ಅದರ ಮಕ್ಕಳು ಮೊಮ್ಮಕ್ಕಳು ಇವತ್ತಿಗೂ ತೋಟದ ದಾರಿಗಳಲ್ಲಿ ಓಡಾಡುತ್ತಿವೆ. 1985ರಲ್ಲಿ ಬಂದ ಮಾರುತಿ ಜಿಪ್ಸಿಯ ಹಲ್ಲಿನ ಲೆಕ್ಕ ಬೇರೆ ಇದ್ದರೂ ಅಡಿಯ ಏರ್ಪಾಡು ಇದೇ ಜಾತಿಯದು, ಹಿಂದೊಂದು ಮುಂದೊಂದು ಗಟ್ಟಿ ಆಕ್ಸಲ್, ಎರಡರಲ್ಲೂ ಒಂದೊಂದು ಡಿಫರೆನ್ಶಿಯಲ್.

ಜೀಪಿನ 6.00–16 ಟೈರು ಒಂದು ಸುತ್ತು ಉರುಳಿದರೆ ಸುಮಾರು 2.2 ಮೀಟರ್ ದಾರಿ ಸಾಗುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಅದು ಸೆಕೆಂಡಿಗೆ 5 ಸುತ್ತು ತಿರುಗಿತು ಎಂದಾಯಿತು. ಟೈರಿನಲ್ಲಿ ಒಂದು ಕಡೆ ಉಬ್ಬು ಇದ್ದರೆ ಸೆಕೆಂಡಿಗೆ 5 ಸಲ ದಬದಬ ಎನ್ನುತ್ತದೆ. ಇದನ್ನು ಕಿವಿಗಿಂತ ಚೆನ್ನಾಗಿ ಬೆನ್ನು ಗುರುತಿಸುತ್ತದೆ.

ಹಳೆಯ ಜೀಪುಗಳ ಕ್ರೌನ್‌ಗೆ 43 ಹಲ್ಲು, ಅದನ್ನು ತಿರುಗಿಸುವ ಪಿನಿಯನ್‌ಗೆ 8 ಹಲ್ಲು. ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಪಿನಿಯನ್ ಮತ್ತು ಅದಕ್ಕೆ ಕಟ್ಟಿದ ಪ್ರೊಪೆಲ್ಲರ್ ಶಾಫ್ಟ್ ಐದು ಸುತ್ತಿಗೂ ಮಿಕ್ಕಿ ತಿರುಗಿರುತ್ತವೆ. ಅಂದರೆ ನಲವತ್ತರ ವೇಗದಲ್ಲಿ ಶಾಫ್ಟ್ ಸೆಕೆಂಡಿಗೆ ಸುಮಾರು 27 ಸುತ್ತು. ಶಾಫ್ಟಿನ ಕೀಲಿನಲ್ಲಿರುವ ಕ್ರಾಸ್ ಸಡಿಲವಾಗಿದ್ದರೆ, ಶಾಫ್ಟ್ ಬಾಗಿದ್ದರೆ, ಹುಟ್ಟುವುದು ಈ ಲೆಕ್ಕದ ಗಡಗಡ ನಡುಕ. ಕ್ರೌನ್ ಹಲ್ಲುಗಳು ಪಿನಿಯನ್ ಹಲ್ಲುಗಳಿಗೆ ತಾಗುವುದು ಸೆಕೆಂಡಿಗೆ 43ರ ಐದರಷ್ಟು, ಸುಮಾರು 215 ಸಲ. ಇದು ಹೆಂಗಸರು ಸಾಧಾರಣವಾಗಿ ಮಾತಾಡುವ ಶ್ರುತಿಯ ಆಸುಪಾಸು. ಡಿಫರೆನ್ಶಿಯಲ್ "ಹಾಡುತ್ತದೆ" ಎಂದು ಡ್ರೈವರುಗಳು ಅನ್ನುವುದು ಬರಿಯ ಅಲಂಕಾರದ ಮಾತಲ್ಲ, ಅದು ನಿಜವಾಗಿಯೂ ಶ್ರುತಿ ಇರುವ ದನಿ.

ಚಕ್ರದ ಬೇರಿಂಗ್ ಕಥೆ ಬೇರೆ. ಅದರಲ್ಲಿ ಹದಿನೈದಿಪ್ಪತ್ತು ರೋಲರುಗಳು ಒಂದು ಪಂಜರದಲ್ಲಿ ಕೂತಿರುತ್ತವೆ. ಓಡುದಾರಿಯಲ್ಲಿ ಒಂದು ಕಡೆ ಗುಳಿ ಬಿದ್ದರೆ ಒಂದೊಂದು ರೋಲರೂ ಅದರ ಮೇಲೆ ಹಾಯುವಾಗ ಕುಕ್ಕುತ್ತದೆ. ನಲವತ್ತರ ವೇಗದಲ್ಲಿ ಸೆಕೆಂಡಿಗೆ 40ರಿಂದ 60 ಕುಕ್ಕು. ಗುಳಿ ಒಂದೇ ಇರುವುದಿಲ್ಲವಾದ್ದರಿಂದ, ಇದ್ದವೂ ಒಂದೊಂದು ಆಕಾರದವಾದ್ದರಿಂದ ದನಿಗೆ ಶ್ರುತಿ ಇರದು. ಗೊರಗೊರ ಎನ್ನುವ, ಹಲ್ಲು ಕಡಿದ ಹಾಗಿನ ದಪ್ಪ ಶಬ್ದ. ಗುಂಯ್‌ಗೂ ಗೊರಗೊರಕ್ಕೂ ಇರುವ ಈ ಭೇದವನ್ನು ಅರಿತವನಿಗೆ ಅರ್ಧ ಕೆಲಸ ಮುಗಿದಂತೆ.

ಉಳಿದರ್ಧದಲ್ಲಿ ತೊಡಕುಗಳಿವೆ. ಪಿನಿಯನ್ ಹಿಡಿದಿರುವ ಬೇರಿಂಗುಗಳು ಶಾಫ್ಟಿನ ವೇಗದಲ್ಲಿ ತಿರುಗುವುದರಿಂದ ಅವುಗಳ ಗೊರಗೊರ ಚಕ್ರದ ಬೇರಿಂಗಿಗಿಂತ ಬಹಳ ಮೇಲೇರಿ ಕ್ರೌನಿನ ಗುಂಯ್ ಹತ್ತಿರ ಬಂದು ಕೂರುತ್ತದೆ. ಕ್ರೌನ್ ಹೊತ್ತ ಪೆಟ್ಟಿಗೆಯ ಅಕ್ಕಪಕ್ಕದ ಬೇರಿಂಗುಗಳಾದರೋ ಚಕ್ರದ ವೇಗದಲ್ಲೇ ತಿರುಗಿ ಚಕ್ರದ ಬೇರಿಂಗಿನಂತೆಯೇ ಗೊರಗುಟ್ಟುತ್ತವೆ. ವೇಗ ಇಪ್ಪತ್ತಕ್ಕೆ ಇಳಿದರೆ ಇವೆಲ್ಲ ದನಿಗಳೂ ಒಟ್ಟಿಗೇ ಅರ್ಧಕ್ಕೆ ಇಳಿಯುತ್ತವೆ. ಆದ್ದರಿಂದ ವೇಗವೊಂದನ್ನೇ ಹೆಚ್ಚುಕಡಿಮೆ ಮಾಡಿ ಆರೋಪಿಗಳನ್ನು ಬೇರ್ಪಡಿಸಲಾಗದು. ಭಾರವನ್ನು ಕದಲಿಸಲೇಬೇಕು.

ಮೊದಲು ಟೈರನ್ನು ಬಿಡಿಸಿಕೊಳ್ಳಿ

ಅದಕ್ಕೂ ಮೊದಲು ಟೈರಿನ ವಿಚಾರ. ಮಲೆನಾಡಿನ ಕೆಸರಿಗೆಂದು ಹಾಕಿಸುವ ಗಡ್ಡೆಗಡ್ಡೆಯ ಬಟನ್ ಟೈರನ್ನು ಒಮ್ಮೆ ಸುತ್ತ ಎಣಿಸಿ ನೋಡಿ. ಎರಡೂ ಅಂಚು ಸೇರಿ ನಲವತ್ತರ ಆಸುಪಾಸು ಗಡ್ಡೆಗಳಿದ್ದರೆ ಆ ಟೈರು ರಸ್ತೆಯನ್ನು ತಟ್ಟುವುದು ಸೆಕೆಂಡಿಗೆ ಇನ್ನೂರು ಚಿಲ್ಲರೆ ಸಲ. 43 ಹಲ್ಲಿನ ಕ್ರೌನ್ ಕೂಗುವ ಶ್ರುತಿಯೇ! ಎರಡೂ ಚಕ್ರದ ಜೊತೆಗೇ ತಿರುಗುವುದರಿಂದ ಯಾವ ವೇಗದಲ್ಲೂ ಅವುಗಳ ಶ್ರುತಿ ಬೇರೆಯಾಗುವುದಿಲ್ಲ. ಎಷ್ಟೋ ಜೀಪುಗಳ ಹೌಸಿಂಗ್ ವಿನಾಕಾರಣ ಬಿಚ್ಚಿಸಿಕೊಂಡದ್ದು ಈ ಹೊಂದಾಣಿಕೆಯ ದೆಸೆಯಿಂದ.

ಟೈರಿಗೆ ಒಂದು ದೌರ್ಬಲ್ಯವಿದೆ, ರಸ್ತೆ ಬದಲಾದರೆ ಅದರ ದನಿಯೂ ಬದಲಾಗುತ್ತದೆ. ಹೊಸ ಡಾಂಬರಿನಿಂದ ಕಾಂಕ್ರೀಟಿಗೆ, ಕಾಂಕ್ರೀಟಿನಿಂದ ಮಣ್ಣುದಾರಿಗೆ ಇಳಿಸಿ ನೋಡಿ. ಮಣ್ಣಿನಲ್ಲಿ ಶಬ್ದ ಮಾಯವಾದರೆ ಅದು ಟೈರು. ಬೇರಿಂಗಿಗೂ ಕ್ರೌನ್‌ಗೂ ತಮ್ಮ ಕೆಳಗಿರುವುದು ಡಾಂಬರೋ ಮಣ್ಣೋ ಗೊತ್ತಾಗುವುದಿಲ್ಲ. ಇನ್ನೂ ಸಂಶಯವಿದ್ದರೆ ಟೈರುಗಳನ್ನು ಹಿಂದುಮುಂದು ಮಾಡಿ ಹಾಕಿ, ಶಬ್ದವೂ ಅವುಗಳ ಜೊತೆ ಜಾಗ ಬದಲಿಸುತ್ತದೆಯೋ ನೋಡಿ. ಖರ್ಚಿಲ್ಲದ ಪರೀಕ್ಷೆ. ಇದನ್ನು ಮಾಡದೆ ಯಾರಾದರೂ ಸ್ಪ್ಯಾನರ್ ಕೈಗೆತ್ತಿಕೊಂಡರೆ ಗಾಡಿ ವಾಪಸ್ ತನ್ನಿ ಎನ್ನುವುದು ನನ್ನ ಸಲಹೆ.

ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ಬಿಡಿಸಿಕೊಳ್ಳುವುದು ಇನ್ನೂ ಸುಲಭ. ಒಂದೇ ವೇಗದಲ್ಲಿ ಒಮ್ಮೆ ಟಾಪ್ ಗೇರಿನಲ್ಲಿ, ಒಮ್ಮೆ ಅದರ ಕೆಳಗಿನ ಗೇರಿನಲ್ಲಿ ಓಡಿಸಿ. ಎಂಜಿನ್ ಸದ್ದು ಏರುತ್ತದೆ. ನಿಮ್ಮ ಗುಂಯ್ ಏರದೆ ಇದ್ದಲ್ಲೇ ಇದ್ದರೆ ಅದು ಗೇರ್‌ಬಾಕ್ಸಿನಿಂದ ಆಚೆಗಿನದು. ಶಕ್ತಿಯನ್ನು ಹಿಂದುಮುಂದಿನ ಆಕ್ಸಲುಗಳಿಗೆ ಕಳಿಸುವ ನಡುವಿನ ಟ್ರಾನ್ಸ್‌ಫರ್ ಕೇಸ್ ಮಾತ್ರ ಹಳೆಯ ವಿಲ್ಲಿಸ್ ಜೀಪುಗಳಲ್ಲಿ ಹುಟ್ಟಾ ಗಲಾಟೆಯದು. ಹಿಂದಿನ ಚಕ್ರಕ್ಕೆ ಹೋಗುವ ಶಕ್ತಿಯೂ ಅದರೊಳಗಿನ ಹಲ್ಲುಗಳನ್ನು ದಾಟಿಯೇ ಹೋಗಬೇಕು. ಅದರ ದನಿ ಕ್ರೌನ್‌ಗಿಂತ ತೆಳು, ಮತ್ತು ಅದರ ಗೇರ್ ಕಡ್ಡಿಯ ಮೇಲೆ ಕೈಯಿಟ್ಟರೆ ನಡುಕ ಅಂಗೈಗೇ ಸಿಗುತ್ತದೆ.

ಭಾರ ಹೊರಳುವ ಕಡೆ

ಖಾಲಿಯಾದ ನೇರ ರಸ್ತೆ ಸಿಕ್ಕಾಗ, ಹಿಂದೆಮುಂದೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನಲವತ್ತರಲ್ಲಿ ಸ್ಟೇರಿಂಗನ್ನು ಮೆಲ್ಲಗೆ ಬಲಕ್ಕೆ, ಆಮೇಲೆ ಎಡಕ್ಕೆ ಆಡಿಸಿ. ಬಲಕ್ಕೆ ತಿರುಗಿದಾಗ ಗಾಡಿಯ ಮೈ ಎಡಕ್ಕೆ ವಾಲುತ್ತದೆ, ಎಡಚಕ್ರಗಳ ಮೇಲೆ ಭಾರ ಏರಿ ಬಲಚಕ್ರಗಳದ್ದು ಇಳಿಯುತ್ತದೆ. ಬಾವಿಯ ತುಂಬಿದ ಕೊಡ ಎಡಗಡೆಯ ರಾಟೆಗೆ ಬಂತು ಎನ್ನಿ. ಆಗ ಗೊರಗೊರ ಹೆಚ್ಚಿದರೆ ಸಂಶಯ ಎಡಗಡೆಯ ಬೇರಿಂಗ್ ಮೇಲೆ, ಕಡಿಮೆಯಾದರೆ ಬಲಗಡೆಯದರ ಮೇಲೆ. ಡಿಫರೆನ್ಶಿಯಲ್ಲಿನೊಳಗಿನ ಹಲ್ಲುಗಳಿಗೂ ಬೇರಿಂಗುಗಳಿಗೂ ಗಾಡಿ ವಾಲಿದ್ದು ಹೆಚ್ಚುಕಡಿಮೆ ಲೆಕ್ಕಕ್ಕೇ ಬರುವುದಿಲ್ಲ. ವಾಲಿದರೂ ದನಿ ಕದಲದಿದ್ದರೆ ಚಕ್ರಗಳನ್ನು ಬಿಟ್ಟು ನಡುವಿನ ಹೌಸಿಂಗ್ ಕಡೆ ನೋಡಬೇಕು.

ಈ ಪರೀಕ್ಷೆಯನ್ನು ಕಣ್ಣುಮುಚ್ಚಿ ನಂಬುವ ಹಾಗೂ ಇಲ್ಲ. ಜೀಪಿನ ಮುಂದಿನ ಒಂದು ಹಬ್ಬಿನಲ್ಲಿ ಒಳಗೊಂದು ಹೊರಗೊಂದು, ಎರಡು ಟೇಪರ್ ಬೇರಿಂಗುಗಳಿವೆ. ಕೋನಾಕಾರದ ರೋಲರುಗಳಿರುವ ಈ ಬೇರಿಂಗಿಗೆ ಅಮೆರಿಕದ ಹೆನ್ರಿ ಟಿಮ್ಕನ್ 1898ರಲ್ಲಿ ಪೇಟೆಂಟ್ ಪಡೆದ. ಕುದುರೆಗಾಡಿಗಳ ಚಕ್ರ ಸುಲಭವಾಗಿ ತಿರುಗಲೆಂದು ಮಾಡಿದ್ದು, ಮೋಟಾರುಗಾಡಿಗೆ ಹೇಳಿ ಮಾಡಿಸಿದಂತಾಯಿತು. ಮೇಲಿನಿಂದ ಬೀಳುವ ಭಾರವನ್ನೂ ತಿರುವಿನಲ್ಲಿ ಪಕ್ಕದಿಂದ ಬರುವ ತಳ್ಳನ್ನೂ ಅದು ಒಟ್ಟಿಗೇ ತಡೆಯಬಲ್ಲದು. ಆದರೆ ಪಕ್ಕದ ತಳ್ಳು ಬಂದಾಗ ಎರಡು ಬೇರಿಂಗುಗಳಲ್ಲಿ ಒಂದು ಹೆಚ್ಚು ಹೊತ್ತರೆ ಇನ್ನೊಂದು ಹಗುರಾಗುತ್ತದೆ. ಹಾಗಾಗಿ ಕೆಟ್ಟಿರುವುದು ಆ ಇನ್ನೊಂದಾದರೆ ತಿರುವಿನಲ್ಲಿ ದನಿ ನಿರೀಕ್ಷೆಗೆ ತದ್ವಿರುದ್ಧವಾಗಿಯೂ ವರ್ತಿಸಬಹುದು. ರಸ್ತೆಯ ಪರೀಕ್ಷೆ ಯಾವ ಚಕ್ರಕ್ಕೆ ಮೊದಲು ಜಾಕ್ ಹಾಕಬೇಕೆಂದು ಹೇಳುತ್ತದೆ, ತೀರ್ಪು ಕೊಡುವುದು ಜಾಕೇ.

ರೇಸ್ ಕೊಟ್ಟಾಗ, ಬಿಟ್ಟಾಗ

ಕ್ರೌನ್–ಪಿನಿಯನ್ ಮೇಲಿನ ಭಾರವನ್ನು ಆಡಿಸುವುದು ಸ್ಟೇರಿಂಗಿನಿಂದಲ್ಲ, ಬಲಗಾಲಿನಿಂದ. ಗೇರಿನ ಪ್ರತಿ ಹಲ್ಲಿಗೂ ಎರಡು ಮುಖ. ರೇಸ್ ಕೊಟ್ಟಾಗ ಎಂಜಿನ್ ಚಕ್ರವನ್ನು ನೂಕುತ್ತದೆ, ಪಿನಿಯನ್ ಕ್ರೌನಿನ ಒಂದು ಮುಖವನ್ನು ಒತ್ತುತ್ತದೆ. ರೇಸ್ ಬಿಟ್ಟು ಗೇರಿನಲ್ಲೇ ಗಾಡಿ ಬಿಟ್ಟರೆ ಚಕ್ರವೇ ಎಂಜಿನ್ನನ್ನು ನೂಕುತ್ತದೆ, ಭಾರ ಹಲ್ಲಿನ ಇನ್ನೊಂದು ಮುಖಕ್ಕೆ ದಾಟುತ್ತದೆ. ಕ್ಲಚ್ ತುಳಿದರೆ ಎರಡೂ ಮುಖ ಹಗುರ. ಕಾಲಿನ ಒಂದಿಷ್ಟು ಚಲನೆಯಲ್ಲಿ ಇಷ್ಟೊಂದು ಸುದ್ದಿ ಸಿಗುತ್ತದೆ.

ಹಲ್ಲುಗಳು ಹಾಡುವುದೇಕೆ? ಒಂದು ಹಲ್ಲು ತನ್ನ ಹೊರೆಯನ್ನು ಮುಂದಿನ ಹಲ್ಲಿಗೆ ದಾಟಿಸುವಾಗ ಎಳ್ಳಷ್ಟೂ ಕುಲುಕಬಾರದು. ಕೂದಲೆಳೆಯ ದಪ್ಪದಲ್ಲಿ ಹತ್ತನೇ ಒಂದು ಪಾಲಿನಷ್ಟು ಏರುಪೇರಾದರೂ ಪ್ರತಿ ಹಲ್ಲಿಗೊಂದು ಸಣ್ಣ ನೂಕು ಹುಟ್ಟುತ್ತದೆ, ಸೆಕೆಂಡಿಗೆ 215 ನೂಕು ಸೇರಿ ಗುಂಯ್ ಆಗುತ್ತದೆ. ರೇಸ್ ಕೊಟ್ಟಾಗ ಮಾತ್ರ ಕೂಗುವ ಕ್ರೌನ್‌ನಲ್ಲಿ ನೂಕುವ ಮುಖ ಸವೆದಿರುತ್ತದೆ. ರೇಸ್ ಬಿಟ್ಟಾಗ ಮಾತ್ರ ಕೂಗಿದರೆ ಹಿಮ್ಮುಖ ಸವೆದಿದೆ, ಇಲ್ಲವೇ ಪಿನಿಯನ್ ಬೇರಿಂಗ್ ಸಡಿಲವಾಗಿ ಪಿನಿಯನ್ ಜಾಗ ಬಿಟ್ಟು ಸರಿಯುತ್ತಿದೆ. ಎರಡೂ ಸ್ಥಿತಿಯಲ್ಲಿ ಶ್ರುತಿಯಿಲ್ಲದ ಗೊರಗೊರ ಬಂದು, ಭಾರದ ಪ್ರಕಾರ ಏರಿಳಿದರೆ ಸಂಶಯ ಹೆಚ್ಚಾಗಿ ಪಿನಿಯನ್ ಬೇರಿಂಗಿನದೇ. ರೇಸ್ ಕೊಟ್ಟು ಬಿಟ್ಟಾಗಲೆಲ್ಲ ಟಕ್ ಎಂದು ಒಂದೇ ಒಂದು ಏಟು ಬಿದ್ದರೆ ಎಲ್ಲೋ ಪ್ಲೇ, ಅಂದರೆ ಸಡಿಲು, ಹೆಚ್ಚಾಗಿದೆ. ಅದು ಹಲ್ಲುಗಳ ನಡುವೆ ಇರಬಹುದು, ಶಾಫ್ಟಿನ ಕ್ರಾಸಿನಲ್ಲೂ ಇರಬಹುದು. ಮೊದಲು ಕ್ರಾಸ್ ನೋಡುವುದು ಜಾಣತನ, ಅದನ್ನು ಬದಲಿಸುವುದು ಹೌಸಿಂಗ್ ಬಿಚ್ಚುವುದಕ್ಕಿಂತ ಎಷ್ಟೋ ಅಗ್ಗ.

ಡಿಫರೆನ್ಶಿಯಲ್ ಪೆಟ್ಟಿಗೆಯೊಳಗೆ ಇನ್ನೂ ಚಿಕ್ಕ ಗೇರುಗಳಿವೆ. ತಿರುವಿನಲ್ಲಿ ಹೊರಚಕ್ರ ಹೆಚ್ಚು ದಾರಿ, ಒಳಚಕ್ರ ಕಡಿಮೆ ದಾರಿ ಸಾಗಬೇಕಲ್ಲ, ಆ ವ್ಯತ್ಯಾಸವನ್ನು ಹಂಚಿಕೊಡುವುದು ಇವುಗಳ ಕೆಲಸ. ನೇರ ಹೋಗುವಾಗ ಇವು ಪೆಟ್ಟಿಗೆಯ ಜೊತೆ ಸುಮ್ಮನೆ ಸುತ್ತುತ್ತವೆ, ಒಂದರ ಮೇಲೊಂದು ಉರುಳುವುದಿಲ್ಲ. ಆದ್ದರಿಂದ ಬಿಗಿ ತಿರುವಿನಲ್ಲಿ ಮಾತ್ರ ಕಟಕಟ ಬಂದು, ನೇರಕ್ಕೆ ಬಂದ ಕೂಡಲೇ ನಿಂತರೆ ತಪ್ಪಿತಸ್ಥರು ಇವೇ. ಇದಕ್ಕೊಂದು ಅಪವಾದ ನಮ್ಮ ಜೀಪುಗಳಲ್ಲಿ ಬಹಳ. ಎಡಕ್ಕೆ ಹೊಸ ಟೈರು, ಬಲಕ್ಕೆ ಬೋಳು ಟೈರು ಹಾಕಿದ ಗಾಡಿಯಲ್ಲಿ ಎರಡರ ಸುತ್ತಳತೆ ಬೇರೆಯಾಗಿ, ಈ ಗೇರುಗಳಿಗೆ ನೇರ ರಸ್ತೆಯಲ್ಲೂ ಬಿಡುವಿರುವುದಿಲ್ಲ.

ಹಿಂದಿನದೋ ಮುಂದಿನದೋ?

ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಯಲ್ಲಿ ಡಿಫರೆನ್ಶಿಯಲ್ ಎರಡು, ಗೊಂದಲವೂ ಎರಡರಷ್ಟು. ಪತ್ತೇದಾರಿಗೆ ಬೇಕಾದ ಅನುಕೂಲವನ್ನೂ ಅದೇ ಗಾಡಿ ಇಟ್ಟುಕೊಂಡಿದೆ ಎಂಬುದು ಬಹಳ ಜನರಿಗೆ ಹೊಳೆಯುವುದಿಲ್ಲ. ಮುಂದಿನ ಹಬ್ಬಿನಲ್ಲಿ ಕೈಯಲ್ಲಿ ತಿರುಗಿಸುವ ಫ್ರೀವೀಲ್ ಲಾಕ್ ಇದ್ದರೆ ಅದನ್ನು ಬಿಡಿಸಿ ಟೂ ವೀಲಿನಲ್ಲಿ ಓಡಿಸಿ. ಈಗ ಮುಂದಿನ ಆಕ್ಸಲ್, ಕ್ರೌನ್, ಪಿನಿಯನ್, ಮುಂದಿನ ಶಾಫ್ಟ್ ಎಲ್ಲ ನಿಂತಿವೆ. ತಿರುಗುತ್ತಿರುವುದು ಚಕ್ರದ ಬೇರಿಂಗುಗಳು ಮಾತ್ರ. ಶಬ್ದ ನಿಂತರೆ ಅದು ಮುಂದಿನ ಹೌಸಿಂಗಿನದು ಅಥವಾ ಮುಂದಿನ ಶಾಫ್ಟಿನದು. ನಿಲ್ಲದಿದ್ದರೆ ಮುಂದಿನ ಹೌಸಿಂಗ್ ನಿರಪರಾಧಿ. ಇಷ್ಟು ಚೊಕ್ಕ ತೀರ್ಮಾನ ಕೊಡುವ ಪರೀಕ್ಷೆ ಇನ್ನೊಂದಿಲ್ಲ.

ಲಾಕ್ ಇಲ್ಲದ ಗಾಡಿಯಲ್ಲಿ ಮುಂದಿನ ಗೇರುಗಳು ಸದಾ ತಿರುಗುತ್ತವೆ, ಟೂ ವೀಲಿನಲ್ಲಿ ಭಾರ ಮಾತ್ರ ಇರುವುದಿಲ್ಲ. ಫೋರ್ ವೀಲ್ ಹಾಕಿದರೆ ಭಾರ ಬೀಳುತ್ತದೆ. ಈ ಪರೀಕ್ಷೆಯನ್ನು ಮಣ್ಣಿನಲ್ಲೇ ಮಾಡಿ. ಹಳೆಯ ಜೀಪಿನಲ್ಲಿ ಹಿಂದುಮುಂದಿನ ಆಕ್ಸಲುಗಳ ನಡುವೆ ವೇಗ ಹಂಚುವ ಏರ್ಪಾಡಿಲ್ಲ. ಒಣ ಡಾಂಬರಿನಲ್ಲಿ ತಿರುಗಿದರೆ ಶಾಫ್ಟುಗಳು ತಿರುಚಿಕೊಂಡು ಬಿಗಿಯಾಗುತ್ತವೆ, ಇಲ್ಲದ ಶಬ್ದವೂ ಹುಟ್ಟುತ್ತದೆ. ಇದಾವುದರಿಂದಲೂ ಬಗೆಹರಿಯದಿದ್ದರೆ ಒಂದು ಶಾಫ್ಟನ್ನೇ ಬಿಚ್ಚಿಟ್ಟು ಇನ್ನೊಂದು ಆಕ್ಸಲಿನ ಮೇಲೆ ಮೆಲ್ಲಗೆ ಓಡಿಸಿ ನೋಡುವ ದಾರಿಯಿದೆ.

ಜಾಕ್ ಹಾಕಿದ ಮೇಲೆ

ಜಾಕ್ ಹಾಕುವ ಮೊದಲು ನೆಲದಲ್ಲಿರುವ ಚಕ್ರಗಳಿಗೆ ಕಲ್ಲು ಕೊಡಿ. ವಿಲ್ಲಿಸ್ ಮಾದರಿಯ ಹಳೆಯ ಜೀಪಿನಲ್ಲಿ ಹ್ಯಾಂಡ್‌ಬ್ರೇಕ್ ಇರುವುದು ಚಕ್ರದಲ್ಲಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ, ಶಾಫ್ಟಿನ ಬುಡದಲ್ಲಿ. ಹಿಂದಿನ ಒಂದು ಚಕ್ರ ಎತ್ತಿದಿರೋ, ಶಾಫ್ಟ್ ಬಿಗಿಯಾಗಿದ್ದರೂ ಡಿಫರೆನ್ಶಿಯಲ್ ತನ್ನ ಹಂಚುವ ಕೆಲಸ ಮಾಡಿ, ಎತ್ತಿದ ಚಕ್ರವನ್ನು ಹಿಂದಕ್ಕೆ ತಿರುಗಿಸುತ್ತ ನೆಲದ ಚಕ್ರವನ್ನು ಉರುಳಲು ಬಿಟ್ಟುಬಿಡುತ್ತದೆ. ಇಳಿಜಾರಿನ ಅಂಗಳದಲ್ಲಿ ಇದು ಜೀವಕ್ಕೆ ಬರುವ ವಿಷಯ.

ಎತ್ತಿದ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ. ಕಟಕಟ ಎಂದು ಆಡಿದರೆ ಪ್ಲೇ ಇದೆ. ಮುಂದಿನ ಚಕ್ರವಾದರೆ ಪ್ಲೇ ಬೇರಿಂಗಿನದೋ ಅಥವಾ ಸ್ಟೇರಿಂಗ್ ತಿರುಗುವ ಕಿಂಗ್‌ಪಿನ್ನಿನದೋ ಎಂಬ ಪ್ರಶ್ನೆ ಬರುತ್ತದೆ. ಒಬ್ಬರಿಗೆ ಬ್ರೇಕ್ ತುಳಿದು ಹಿಡಿಯಲು ಹೇಳಿ ಮತ್ತೆ ಅಲುಗಿಸಿ. ಬ್ರೇಕ್ ಹಿಡಿದಾಗ ಡ್ರಮ್ಮು ಬೇರಿಂಗನ್ನು ದಾಟಿ ನೇರ, ಚಕ್ರ ಕೂರುವ ಗೂಟವಾದ ಸ್ಪಿಂಡಲಿನ ಬುಡಕ್ಕೇ ಕಚ್ಚಿಕೊಳ್ಳುತ್ತದೆ. ಆಟ ನಿಂತರೆ ಬೇರಿಂಗ್, ಮುಂದುವರಿದರೆ ಕಿಂಗ್‌ಪಿನ್. ಇಂಥ ಪರೀಕ್ಷೆಗಳನ್ನು ಕಂಡುಹಿಡಿದ ಹೆಸರಿಲ್ಲದ ಮೆಕ್ಯಾನಿಕ್ಕುಗಳ ಬಗ್ಗೆ ನನಗೆ ರೇಲೆಯ ಮೇಲಿರುವಷ್ಟೇ ಗೌರವ. ಆಮೇಲೆ ಒಂದು ಕೈಯಿಂದ ಚಕ್ರ ತಿರುಗಿಸುತ್ತ ಇನ್ನೊಂದು ಕೈಯನ್ನು ಪಟ್ಟಿಸ್ಪ್ರಿಂಗಿನ ಮೇಲಿಡಿ. ಕಿವಿಗೆ ಕೇಳದ ಒರಟು ಬೆರಳಿಗೆ ಸಿಗುತ್ತದೆ.

ಹಬ್ ಬಿಚ್ಚಿ ಬೇರಿಂಗಿನ ಒಳಬಳೆಯಾದ ಕೋನ್ ಕೈಗೆ ಬಂದಾಗ ಅದನ್ನು ತೊಳೆದು ಬೆಳಕಿಗೆ ಹಿಡಿದು ನೋಡಿ. ಮುಂದಿನ ಹಬ್ಬಿನಲ್ಲಿ ಸ್ಪಿಂಡಲ್ ತಿರುಗುವುದಿಲ್ಲ, ಅದರ ಮೇಲೆ ಕೂತ ಕೋನೂ ತಿರುಗುವುದಿಲ್ಲ. ಕಪ್ ಎಂಬ ಹೊರಬಳೆ ಹಬ್ಬಿನ ಜೊತೆ ತಿರುಗುತ್ತದೆ. ಗಾಡಿಯ ಭಾರ ವರ್ಷಗಟ್ಟಲೆ ಬಿದ್ದಿರುವುದು ಕೋನಿನ ಅಡಿಭಾಗದ ಮೇಲೆ. ಹಾಗಾಗಿ ಎಷ್ಟೋ ಸಲ ಮೇಲ್ಭಾಗ ಕನ್ನಡಿಯಂತೆ ಹೊಳೆಯುತ್ತಿದ್ದರೆ ಅಡಿಭಾಗದಲ್ಲಿ ಚಕ್ಕೆ ಎದ್ದು ಸಣ್ಣಸಣ್ಣ ಗುಳಿಗಳಿರುತ್ತವೆ. ರೋಲರು ಒತ್ತಿ ಒತ್ತಿ ಉಕ್ಕಿನ ಮೇಲ್ಮೈಗಿಂತ ಸ್ವಲ್ಪ ಒಳಗೆ ಬಿರುಕು ಹುಟ್ಟಿ, ಅದು ಬೆಳೆದು ಮೇಲಕ್ಕೆ ಬಂದಾಗ ಚಕ್ಕೆ ಕಳಚುತ್ತದೆ. ನೀಲಿ ಬಣ್ಣಕ್ಕೆ ತಿರುಗಿದ್ದರೆ ಗ್ರೀಸ್ ಇಲ್ಲದೆ ಸುಟ್ಟದ್ದು, ಇಲ್ಲವೇ ನಟ್ಟನ್ನು ವಿಪರೀತ ಬಿಗಿ ಮಾಡಿದ್ದು.

ಕ್ರೌನ್–ಪಿನಿಯನ್‌ನ ನ್ಯಾಯ ತೀರ್ಮಾನಕ್ಕೆ ಬಣ್ಣ ಬೇಕು. ಕ್ರೌನಿನ ಕೆಲವು ಹಲ್ಲುಗಳಿಗೆ ನೀಲಿ ಬಳಿದು ಕೈಯಿಂದ ತಿರುಗಿಸಿದರೆ ಪಿನಿಯನ್ ಎಲ್ಲೆಲ್ಲಿ ತಾಗಿತೋ ಅಲ್ಲಿ ಬಣ್ಣ ಅಳಿಸಿ ಒಂದು ಗುರುತು ಬೀಳುತ್ತದೆ. ಅದು ಹಲ್ಲಿನ ನಡುಮಧ್ಯೆ ಇದ್ದರೆ ಸರಿ. ತುದಿಗೋ ಬುಡಕ್ಕೋ ಸರಿದಿದ್ದರೆ ಪಿನಿಯನ್ ಹಿಂದಿನ ತೆಳು ಶಿಮ್ ಹೆಚ್ಚುಕಡಿಮೆ ಮಾಡಿ ಜಾಗಕ್ಕೆ ತರಬೇಕು. ಹೊಸ ಕ್ರೌನ್ ಹಾಕಿಸಿದ ಮೇಲೆ ಶಬ್ದ ಮೊದಲಿಗಿಂತ ಹೆಚ್ಚಾಯಿತೆಂದು ಗೋಳಾಡುವವರು ಬಹಳ. ಅಲ್ಲೆಲ್ಲ ಈ ಬಣ್ಣದ ಪರೀಕ್ಷೆ ನಡೆದಿತ್ತೇ ಎಂದು ಕೇಳಬೇಕು. ಕ್ರೌನ್ ಮತ್ತು ಪಿನಿಯನನ್ನು ಕಾರ್ಖಾನೆಯಲ್ಲೇ ಒಂದಕ್ಕೊಂದು ಉಜ್ಜಿ ಜೋಡಿ ಮಾಡಿರುತ್ತಾರೆ. ಒಂದನ್ನು ಮಾತ್ರ ಬದಲಿಸಿದರೆ ಆ ಸಂಸಾರ ಸುಮ್ಮನಿರುವುದಿಲ್ಲ.

ಹೊಳೆ ದಾಟಿದ ಲೆಕ್ಕ

ನಮ್ಮ ಕಡೆ ಬೇರಿಂಗ್ ಸಾಯುವುದು ಓಡಾಟದಿಂದ ಮಾತ್ರವಲ್ಲ, ನೀರಿನಿಂದಲೂ. ಘಾಟಿ ಇಳಿದು ಬ್ರೇಕ್ ಕಾದು, ಹಬ್ ಬಿಸಿಯಾಗಿರುವಾಗಲೇ ಗಾಡಿ ಹಳ್ಳಕ್ಕೆ ಇಳಿಯುತ್ತದೆ. ಒಳಗಿನ ಬಿಸಿ ಗಾಳಿ ತಟ್ಟನೆ ತಣಿದು ಕುಗ್ಗುತ್ತದೆ, ಕುಗ್ಗಿದ ಜಾಗಕ್ಕೆ ಸವೆದ ಸೀಲಿನ ಸಂದಿನಿಂದ ನೀರು ನುಗ್ಗುತ್ತದೆ. ಗ್ರೀಸ್ ಬೆಳ್ಳಗೆ ನೊರೆಯಂತಾಗುತ್ತದೆ. ಆಮೇಲೆ ಗಾಡಿ ಮಳೆಗಾಲವಿಡೀ ಶೆಡ್ಡಿನಲ್ಲಿ ನಿಂತರೆ ರೋಲರುಗಳು ತಾಗಿದ ಕಡೆಯೆಲ್ಲ, ಅವುಗಳ ಅಂತರಕ್ಕೆ ಸರಿಯಾಗಿ, ಸಾಲಾಗಿ ತುಕ್ಕಿನ ಗೆರೆ ಬೀಳುತ್ತದೆ. ಕಿಲೋಮೀಟರ್ ಓಡದೆಯೂ ಬೇರಿಂಗ್ ಕೆಡುವುದು ಹೀಗೆ.

ಹೌಸಿಂಗಿಗೂ ಅದೇ ಗತಿ. ಒಳಗಿನ ಗಾಳಿ ಆಡಲೆಂದು ಹೌಸಿಂಗ್ ಮೇಲೆ ಬ್ರೀದರ್ ಎಂಬ ಪುಟ್ಟ ತೂತಿನ ಮೂತಿ ಇರುತ್ತದೆ. ಅದು ಕೆಸರಿನಿಂದ ಮುಚ್ಚಿದರೆ ಬಿಸಿಯಾದಾಗ ಆಯಿಲ್ ಸೀಲುಗಳಿಂದ ಹೊರಬರುತ್ತದೆ, ತಣಿದಾಗ ಅದೇ ಸೀಲುಗಳಿಂದ ನೀರು ಒಳಹೋಗುತ್ತದೆ. ಡ್ರೈನ್ ಬೋಲ್ಟ್ ಬಿಚ್ಚಿದಾಗ ಹಾಲು ಹಾಕಿದ ಕಾಫಿಯ ಬಣ್ಣದ ಆಯಿಲ್ ಬಂದರೆ ನೀರು ಸೇರಿದೆ. ಈ ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಜಾರುತ್ತವೆ, ಸಾಮಾನ್ಯ ಎಣ್ಣೆಯ ಪದರ ಆ ಒತ್ತಡಕ್ಕೆ ಹರಿದುಹೋಗುತ್ತದೆ. 90ರ ಗೇರ್ ಆಯಿಲ್ಲೇ ಬೇಕು, ಅದರಲ್ಲೂ ಇಂಥ ಗೇರಿಗೆಂದೇ ಗಂಧಕದ ಅಂಶ ಬೆರೆಸಿದ್ದು. ಆ ಘಾಟು ವಾಸನೆ ಬರುವುದು ಅದರಿಂದಲೇ.

ಕೊನೆಯದಾಗಿ, ಗಾಡಿ ನಿಲ್ಲಿಸಬೇಕೋ ಓಡಿಸಬಹುದೋ ಎಂಬ ಪ್ರಶ್ನೆ. ಕ್ರೌನ್ ಗುಂಯ್ ಎನ್ನುತ್ತಿದ್ದರೆ, ಆಯಿಲ್ ಮಟ್ಟ ಸರಿಯಿದ್ದು ಅದರಲ್ಲಿ ಲೋಹದ ಚೂರು ಇಲ್ಲದಿದ್ದರೆ, ಹಾಗೇ ವರ್ಷಗಟ್ಟಲೆ ಓಡಿಸಬಹುದು. ಓಡಿಸುತ್ತಲೂ ಇದ್ದಾರೆ. ಚಕ್ರದ ಬೇರಿಂಗ್ ಗೊರಗುಟ್ಟತೊಡಗಿದರೆ ಆ ಸಲಿಗೆ ಇಲ್ಲ. ಅದು ಕಚ್ಚಿಕೊಂಡರೆ ಸ್ಪಿಂಡಲ್ ಸುಡುತ್ತದೆ, ಒಡೆದರೆ ಚಕ್ರ ಕಳಚುತ್ತದೆ. ಅಂಥ ಗಾಡಿಯಲ್ಲಿ ಚಾರ್ಮಾಡಿ ಘಾಟಿಯನ್ನಾಗಲಿ ಶಿರಾಡಿ ಘಾಟಿಯನ್ನಾಗಲಿ ಇಳಿಯಬೇಡಿ, ಮೊದಲು ಹಬ್ ಬಿಚ್ಚಿಸಿ.